ಹವ್ಯಾಸಕ್ಕೆಂದು ಜಪಾನಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಾಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತು ವರ್ಷಗಳಿಂದ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ನೌಕರಿಗಲ್ಲ, ಅಲ್ಲಿ ಹೋಗಿ ನೆಲೆಸುವುದಕ್ಕೂ ಅಲ್ಲ. ಬೆಳಗಿನ ಕಾಫಿ ಜೊತೆಗೆ ಸಿಗುವ ಅರ್ಧ ಗಂಟೆಯ ಸುಖಕ್ಕೆ. ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮ, ಸಹೋದ್ಯೋಗಿಗಳು, ಬೆಂಗಳೂರಿನ ನೆಂಟರು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಫ್ರೆಂಚ್, ಜರ್ಮನ್ ಕಲಿಯುವವರಿಗೂ ಕೆಲವು ಉತ್ತರಗಳು ಹೊಂದಬಹುದು. ಆದರೆ ನಾನು ಬಲ್ಲದ್ದು ಜಪಾನಿ, ಬರೆಯುವುದೂ ಅದರ ಬಗ್ಗೆಯೇ.

ಇದರಿಂದ ಏನು ಪ್ರಯೋಜನ?

ಸಂಬಳ ಹೆಚ್ಚುವುದಿಲ್ಲ. ಹಿತ್ತಲಲ್ಲಿ ಬೆಂಡೆ ಬೆಳೆಯುವವರು ಸಂತೆಗಿಂತ ಅಗ್ಗ ಅಂತ ಬೆಳೆಯುವುದಿಲ್ಲವಲ್ಲ, ಹಾಗೆ. ನನಗೆ ಸಿಕ್ಕ ದೊಡ್ಡ ಲಾಭ ಬೇರೆಯದೇ: ಜಪಾನಿ ಕಲಿಯುತ್ತ ಹೋದಂತೆ ಕನ್ನಡ ಹೊಸದಾಗಿ ಕಾಣತೊಡಗಿತು. ನಲವತ್ತು ವರ್ಷ ಆಡಿದ ಮಾತಿನೊಳಗೆ ಎಂಥ ಕಟ್ಟಣೆ ಇದೆ ಅಂತ ಆಮೇಲೆ ಗೊತ್ತಾಯಿತು.

ಜಪಾನಿ ತುಂಬಾ ಕಷ್ಟದ ಭಾಷೆ ಅಂತಾರಲ್ಲ?

ಯಾರಿಗೆ ಕಷ್ಟ ಅಂತ ಮೊದಲು ಕೇಳಬೇಕು. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಜಪಾನಿಗೆ 2200 ಗಂಟೆಗಳ ಪಾಠ ಬೇಕು ಎನ್ನುತ್ತದೆ. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ನಮ್ಮ ಲೆಕ್ಕ ಅದಲ್ಲ.

ನಾನೂ ಮೊದಲ ವರ್ಷ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡೇ ಕಲಿತೆ. ಮನೆಯಿಂದ ಹೊರಡುವಾಗ ಹೇಳುವ ‘ಇತ್ತೆ ಕಿಮಸು’ ಎಂಬ ಮಾತಿಗೆ ಅದರಲ್ಲಿ ಉದ್ದದ ವಿವರಣೆ ಇತ್ತು: ಇದು ಬರೀ ವಿದಾಯವಲ್ಲ, ಮರಳಿ ಬರುವ ಭರವಸೆಯೂ ಇದರಲ್ಲಿದೆ, ಇತ್ಯಾದಿ. ಎರಡು ಸಲ ಓದಿದ ಮೇಲೆ ಹೊಳೆಯಿತು. ‘ಇತ್ತೆ’ ಅಂದರೆ ಹೋಗಿ, ‘ಕಿಮಸು’ ಅಂದರೆ ಬರ್ತೀನಿ. ಹೋಗಿ ಬರ್ತೀನಿ! ‘ಹೋಗ್ತೀನಿ’ ಅಂದರೆ ನಮ್ಮಜ್ಜಿ ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಿದ್ದರು. ಜಪಾನಿನ ಮನೆಯೊಳಗಿಂದ ಬರುವ ಉತ್ತರ ‘ಇತ್ತೆ ರಶ್ಶಾಯ್’, ಅಂದರೆ ಹೋಗಿ ಬನ್ನಿ. ಅವತ್ತಿನಿಂದ ನನ್ನ ನೋಟ್‌ಬುಕ್ ಪೂರ್ತಿ ಕನ್ನಡಕ್ಕೆ ತಿರುಗಿತು. ಜಪಾನಿ ಕಲಿಯಬೇಕೆನ್ನುವ ಕನ್ನಡಿಗರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಇಂಗ್ಲಿಷನ್ನು ನಡುವೆ ತರಬೇಡಿ, ಕನ್ನಡದಿಂದ ನೇರ ಹೋಗಿ.

ನೋಡಿ. ಕ್ರಿಯಾಪದ ಅವರಲ್ಲೂ ಕೊನೆಗೇ ಬರುತ್ತದೆ. ‘ಮಿಜು ಒ ನೊಮಿಮಸು’: ಮಿಜು ನೀರು, ‘ಒ’ ನಮ್ಮ ‘ಅನ್ನು’, ನೊಮಿಮಸು ಕುಡಿಯುತ್ತೇನೆ. ‘ಕಿನೋ ಕತ್ತ ಹೊನ್’ ಅಂದರೆ ನಿನ್ನೆ ಕೊಂಡ ಪುಸ್ತಕ, ಪದಕ್ಕೆ ಪದ ಅದೇ ಸಾಲಿನಲ್ಲಿ. ‘ಇಕು ತೊ ಇತ್ತ’ ಅಂದರೆ ‘ಹೋಗ್ತೀನಿ ಅಂತ ಹೇಳಿದ’. ಆ ‘ತೊ’ ನಮ್ಮ ‘ಅಂತ’ ಇರುವ ಜಾಗದಲ್ಲೇ ಕೂತಿದೆ.

ಇನ್ನೂ ಸೊಗಸಾದದ್ದು ಜೋಡಿ ಕ್ರಿಯೆಗಳು. ‘ತಬೆತೆ’ ಅಂದರೆ ತಿಂದು, ‘ಮಿರು’ ಅಂದರೆ ನೋಡು. ‘ತಬೆತೆ ಮಿರು’ ಅಂದರೆ, ನಾವು ಹೇಳುವ ಹಾಗೇ, ತಿಂದು ನೋಡು. ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ‘ಒಕು’ ಅಂದರೆ ಇಡು; ‘ತ್ಸುಕುತ್ತೆ ಒಕು’ ಅಂದರೆ ಮಾಡಿಡು. ‘ಮೊತ್ತೆ ಕುರು’ ಅಂದರೆ ತಗೊಂಡು ಬರು. ‘ತಬೆತೆ ಶಿಮಾವು’ ಅಂದರೆ ತಿಂದುಬಿಡು, ತಿಂದು ಮುಗಿಸಿದ ಸಮಾಧಾನ, ತಿನ್ನಬಾರದಿತ್ತು ಎಂಬ ಚೂರು ಪಶ್ಚಾತ್ತಾಪ, ಎರಡೂ ಸೇರಿ. ಈ ‘ಬಿಡು’ವನ್ನು ಇಂಗ್ಲಿಷ್ ಪುಸ್ತಕ ವಿವರಿಸಲು ಪಡುವ ಪಾಡು ನೋಡಿದರೆ ನಾವು ಎಷ್ಟು ಅನುಕೂಲಸ್ಥರು ಅನ್ನಿಸುತ್ತದೆ.

‘ದರೆ’ ಯಾರು, ‘ದರೆಕ’ ಯಾರೋ, ‘ದರೆಮೊ’ ಯಾರೂ. ‘ನನಿ’ ಏನು, ‘ನನಿಕ’ ಏನೋ, ‘ನನಿಮೊ’ ಏನೂ. ‘ದರೆಮೊ ಇನಾಯ್’ ಅಂದರೆ ಯಾರೂ ಇಲ್ಲ. ಓ ಮತ್ತು ಊ ಹಚ್ಚಿ ನಾವು ಮಾಡುವ ಕೆಲಸವನ್ನು ಅವರು ಕ ಮತ್ತು ಮೊ ಹಚ್ಚಿ ಮಾಡುತ್ತಾರೆ. ಜನರನ್ನು ಎಣಿಸಲು ಅವರಿಗೂ ಬೇರೆ ಪದ: ‘ಹಿತೊರಿ’ ಒಬ್ಬರು, ‘ಫುತರಿ’ ಇಬ್ಬರು. ಅಣ್ಣನಿಗೆ ‘ಅನಿ’, ತಮ್ಮನಿಗೆ ‘ಒತೋತೊ’, ಅಕ್ಕನಿಗೆ ‘ಅನೆ’, ತಂಗಿಗೆ ‘ಇಮೋತೊ’.

ಹಾಗಂತ ಎಲ್ಲವೂ ಸಲೀಸಲ್ಲ. ಅವರ ಕ್ರಿಯಾಪದದಲ್ಲಿ ನಾನು, ನೀನು, ಅವಳು ಎಂಬ ಗುರುತೇ ಇರುವುದಿಲ್ಲ. ಕನ್ನಡದಲ್ಲಿ ‘ಬಂದಳು’ ಅಂದರೆ ಯಾರು ಬಂದದ್ದು ಅಂತ ತಿಳಿಯುತ್ತದೆ. ‘ಕಿತ’ ಅಂದರೆ ಬಂದದ್ದು ಯಾರೆಂದು ಸಂದರ್ಭದಿಂದಲೇ ಊಹಿಸಬೇಕು. ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಬೇರೆಯವರು ನನಗೆ ಕೊಟ್ಟರೆ ‘ಕುರೆರು’, ಎರಡು ಬೇರೆ ಕ್ರಿಯಾಪದಗಳು. ಗುಣವಾಚಕಗಳೇ ಭೂತಕಾಲಕ್ಕೆ ರೂಪ ಬದಲಿಸುತ್ತವೆ: ‘ತಕಾಯ್’ ಅಂದರೆ ಎತ್ತರ, ‘ತಕಕತ್ತ’ ಅಂದರೆ ಎತ್ತರವಾಗಿತ್ತು. ಇಲ್ಲಿ ಕನ್ನಡ ಕೈ ಹಿಡಿಯುವುದಿಲ್ಲ, ನಿಧಾನವಾಗಿ ರೂಢಿಯಾಗಬೇಕು. ಪೆನ್ಸಿಲ್ ಎಣಿಸಲು ಸಂಖ್ಯೆಗೆ ಹಚ್ಚುವ ಒಂದು ಬಾಲ, ಕಾಗದದ ಹಾಳೆಗೆ ಇನ್ನೊಂದು. ಇದನ್ನಂತೂ ಒಟ್ಟಿಗೆ ಉರುಹೊಡೆಯಲು ಹೋಗಬೇಡಿ, ಎದುರಾದಾಗ ಒಂದೊಂದೇ ಕಲಿಯಿರಿ.

ಇಷ್ಟು ಹೋಲಿಕೆ ಇದ್ದರೆ ಎರಡೂ ಒಂದೇ ಕುಟುಂಬದ ಭಾಷೆಗಳಾ?

ಅಲ್ಲ. ಸುಸುಮು ಓನೊ ಎಂಬ ಜಪಾನಿನ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಇಂಥ ಹೋಲಿಕೆ ತಾನಾಗಿ ಹುಟ್ಟುತ್ತದೆ. ಕೊರಿಯನ್, ಟರ್ಕಿಶ್ ಭಾಷೆಗಳಲ್ಲೂ ಇಂಥವು ಸಿಗುತ್ತವೆ. ಅವರ ‘ಇರು’ ಎಂಬ ಪದಕ್ಕೂ ಇರು ಎಂಬ ಅರ್ಥವೇ ಇದೆ ಎಂದು ಗೊತ್ತಾದಾಗ ನಾನು ಕುಣಿದಾಡಿದ್ದೆ. ಅದು ಬರೀ ಕಾಕತಾಳೀಯ. ನಂಟು ಹುಡುಕುವ ಆಸೆಗೆ ಬಿದ್ದವರು ಕಲಿಯುವುದನ್ನು ಬಿಟ್ಟು ಪಟ್ಟಿ ಮಾಡುತ್ತ ಕೂರುತ್ತಾರೆ, ಹಾಗಾಗದಿರಲಿ.

ಲಿಪಿ ನೋಡಿದರೇ ಭಯ. ಎಲ್ಲಿಂದ ಶುರು ಮಾಡಲಿ?

ಜಪಾನಿಯಲ್ಲಿ ಮೂರು ಬಗೆಯ ಬರಹ ಒಟ್ಟಿಗೆ ನಡೆಯುತ್ತದೆ: ಹಿರಗನ, ಕತಕನ, ಮತ್ತು ಚೀನಾದಿಂದ ಬಂದ, ಒಂದೊಂದು ಅರ್ಥಕ್ಕೆ ಒಂದೊಂದು ಗುರುತಿರುವ ಕಾಂಜಿ. ಮೊದಲು ಹಿರಗನ. ಮೂಲ ಅಕ್ಷರಗಳು 46. ಆಮೇಲೆ ಅದೇ ಧ್ವನಿಗಳಿಗೆ ಬೇರೆ ಆಕಾರದ ಕತಕನ, ಅದೂ 46. ಕತಕನವನ್ನು ಮುಖ್ಯವಾಗಿ ಹೊರಗಿನಿಂದ ಬಂದ ಪದಗಳಿಗೆ ಬಳಸುತ್ತಾರೆ.

ಇಲ್ಲಿ ಕನ್ನಡಿಗರಿಗೆ ಕಾದಿರುವ ಸಂತೋಷ ದೊಡ್ಡದು. ಅವರ ಅಕ್ಷರಮಾಲೆಯ ಕ್ರಮ ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಇದು ನಮ್ಮ ವರ್ಣಮಾಲೆಯ ಕ್ರಮವೇ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಎಂಬ ಭಾರತೀಯ ಲಿಪಿ ಕಲಿಯುತ್ತಿದ್ದರು. ಆ ಅಧ್ಯಯನದಿಂದ ಈ ಜೋಡಣೆ ಬಂತು. 774ರಲ್ಲಿ ಹುಟ್ಟಿದ ಕೂಕೈ ಎಂಬ ಸನ್ಯಾಸಿ ಚೀನಾದಲ್ಲಿ ಕಲಿತು ಸಿದ್ಧಂ ವಿದ್ಯೆಯನ್ನು ತಂದವರಲ್ಲಿ ಪ್ರಮುಖರು. ಅದಕ್ಕೂ ಮುಂಚೆ, 752ರಲ್ಲಿ, ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧ ವಿಗ್ರಹಕ್ಕೆ ಕಣ್ಣು ಬರೆಯುವ ವಿಧಿ ನಡೆಸಿದವರು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಪಟ್ಟಿಯಲ್ಲಿ ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ ಯಾಕೆ ಇದೆ ಅಂದರೆ, ಆ ಧ್ವನಿಗಳು ಹಿಂದೆ ಚ, ಪಗಳಿಗೆ ಹತ್ತಿರ ಇದ್ದವು, ಕಾಲ ಕಳೆದಂತೆ ಬದಲಾದವು. ಕ ಅಕ್ಷರದ ತಲೆಯ ಬಳಿ ಎರಡು ಚಿಕ್ಕ ಗೀಟು ಹಾಕಿದರೆ ಗ ಆಗುತ್ತದೆ, ತ ಹಾಗೆಯೇ ದ ಆಗುತ್ತದೆ. ವರ್ಗೀಯ ವ್ಯಂಜನ ಕಲಿತ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿನಕ್ಕೆ ಐದು ಅಕ್ಷರ, ಕೈಯಲ್ಲಿ ಬರೆದು. ಮೂರು ವಾರದಲ್ಲಿ ನನಗೆ ಎರಡೂ ಬಂದವು.

ಅಲ್ಲಿಯವರೆಗೆ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಲಾ?

ಬೇಡ, ಕನ್ನಡದಲ್ಲಿ ಬರೆದುಕೊಳ್ಳಿ. ಹಿರಗನ ಕೈಗೆ ಹತ್ತಿದ ಮೇಲೆ ಅದನ್ನೂ ಬಿಡಿ.

ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುತ್ತದೆ. ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸನ್’ ಅಂದರೆ ಅಜ್ಜಿ. ಎ, ಏ, ಒ, ಓ ನಾಲ್ಕಕ್ಕೂ ಬೇರೆ ಅಕ್ಷರ ಇರುವ ಲಿಪಿ ನಮ್ಮದು. ಒತ್ತಕ್ಷರವೂ ಹಾಗೆಯೇ: ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆ ಚೀಟಿ. ಇನ್ನು ನಮ್ಮ ಸೊನ್ನೆ! ಅವರಲ್ಲಿ ಒಂಟಿಯಾಗಿ ನಿಲ್ಲುವ ವ್ಯಂಜನ ಒಂದೇ, ಅನುನಾಸಿಕ. ಅದು ಮುಂದಿನ ಅಕ್ಷರ ನೋಡಿಕೊಂಡು ಧ್ವನಿ ಬದಲಿಸುತ್ತದೆ. ಸಂಪೊ ಅಂದರೆ ವಾಯುವಿಹಾರ, ಗೆಂಕಿ ಅಂದರೆ ಲವಲವಿಕೆ, ಬೆಂತೋ ಅಂದರೆ ಬುತ್ತಿ. ಮೂರು ಪದದಲ್ಲಿ ಮೂರು ಧ್ವನಿ, ಬರೆಯುವ ಗುರುತು ಒಂದೇ, ನಮ್ಮ ಅನುಸ್ವಾರದ ಹಾಗೆಯೇ.

ಕನ್ನಡ ಲಿಪಿಗೆ ಸಿಗದಿರುವುದು ಎರಡು. ಒಂದು, ಕೆಲವು ಕಡೆ ಇ, ಉ ಬಾಯಲ್ಲೇ ಕರಗುತ್ತವೆ: ‘ಕಿಮಸು’ ಕೇಳಲು ‘ಕಿಮಸ್’. ಇನ್ನೊಂದು ದನಿಯ ಏರಿಳಿತ. ಟೋಕಿಯೊ ಮಾತಿನಲ್ಲಿ ‘ಹಶಿ’ಯ ಮೊದಲ ಅಕ್ಷರ ಎತ್ತರಿಸಿದರೆ ಊಟದ ಕಡ್ಡಿ, ಎರಡನೆಯದನ್ನು ಎತ್ತರಿಸಿದರೆ ಸೇತುವೆ. ಇವೆರಡೂ ಕಿವಿಯಿಂದಲೇ ಬರಬೇಕು.

ಕಾಂಜಿ ಸಾವಿರಾರು ಇವೆಯಂತೆ. ಈ ಜನ್ಮದಲ್ಲಿ ಆಗುತ್ತಾ?

ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುವುದು 1026, ಒಂದನೇ ತರಗತಿಯಲ್ಲಿ ಬರೀ 80. ನೀವೂ ಆ 80ರಿಂದಲೇ ಶುರು ಮಾಡಿ.

ಅವು ಗೀಟುಗಳ ಗೋಜಲಲ್ಲ, ಬಿಡಿಭಾಗಗಳಿಂದ ಕಟ್ಟಿದ್ದು. ಮರದ ಗುರುತು ಒಂದಿದ್ದರೆ ಮರ, ಎರಡಿದ್ದರೆ ತೋಪು, ಮೂರಿದ್ದರೆ ಕಾಡು. ಮರದ ಪಕ್ಕ ಮನುಷ್ಯನನ್ನು ನಿಲ್ಲಿಸಿದರೆ ವಿಶ್ರಾಂತಿ. ಮಕ್ಕಳ ಲೆಕ್ಕದ ಚೌಕುಳಿ ನೋಟ್‌ಬುಕ್ ಇದಕ್ಕೆ ಹೇಳಿಮಾಡಿಸಿದ ಹಾಗಿದೆ.

ಎಲ್ಲರೂ ಮುಗ್ಗರಿಸುವುದು ಬೇರೆ ಕಡೆ: ಒಂದೇ ಕಾಂಜಿಗೆ ಎರಡು ಮೂರು ಓದು, ಅಂದರೆ ಉಚ್ಚಾರ, ಯಾಕೆ? ಇದಕ್ಕೆ ಕನ್ನಡದಷ್ಟು ಚೆನ್ನಾಗಿ ಉತ್ತರ ಕೊಡುವ ಭಾಷೆ ನನಗೆ ಗೊತ್ತಿಲ್ಲ. ನಾವು ಲೋಟದಲ್ಲಿರುವುದನ್ನು ನೀರು ಅನ್ನುತ್ತೇವೆ. ಆದರೆ ಜೋಗದಲ್ಲಿ ಬೀಳುವುದು ಜಲಪಾತ, ಶರಾವತಿಯಲ್ಲಿ ತಯಾರಾಗುವುದು ಜಲವಿದ್ಯುತ್. ಒಂಟಿಯಾಗಿದ್ದಾಗ ದೇಸಿ ಪದ, ಸಮಾಸದೊಳಗೆ ಸಂಸ್ಕೃತ. ಜಪಾನಿಯೂ ಹೀಗೇ: ನೀರಿನ ಕಾಂಜಿ ಒಂಟಿಯಾಗಿದ್ದರೆ ‘ಮಿಜು’, ಸಮಾಸದಲ್ಲಿ ಚೀನಾದಿಂದ ಬಂದ ‘ಸುಯ್’. ಜಲಶಕ್ತಿಗೆ ಅವರು ‘ಸುಯ್‌ರ್ಯೊಕು’ ಅನ್ನುತ್ತಾರೆ. ಬೆಟ್ಟ ಒಂಟಿಯಾಗಿ ‘ಯಮ’; ಫುಜಿಸನ್‌ನಲ್ಲಿರುವ ‘ಸನ್’ ಬೆಟ್ಟದ ಚೀನೀ ಮೂಲದ ಓದು, ಹೆಸರಿಗೆ ಗೌರವಕ್ಕೆ ಹಚ್ಚುವ ‘ಸನ್’ ಅಲ್ಲ. ಎರಡು ಮೂಲದ ಪದ ಬೆರೆಸಿದರೆ ನಮ್ಮ ವ್ಯಾಕರಣದವರು ಅರಿಸಮಾಸ ಅಂತ ಹುಬ್ಬು ಗಂಟಿಕ್ಕುತ್ತಾರಲ್ಲ, ಅಂಥ ಬೆರಕೆ ಅಲ್ಲೂ ಇದೆ. ಅಂತಸ್ತಿನ ಬುತ್ತಿಪೆಟ್ಟಿಗೆಗೆ ಹೇಳುವ ‘ಜೂಬಕೊ’ ಪದವೇ ಅದಕ್ಕೆ ಮಾದರಿ. ಆ ಬಗೆಯ ಓದಿಗೆ ಅದರದೇ ಹೆಸರು. ಕನ್ನಡ ವ್ಯಾಕರಣ ಓದಿದವರು ಈ ಅಧ್ಯಾಯವನ್ನು ಒಂದು ಸಂಜೆಯಲ್ಲಿ ದಾಟುತ್ತಾರೆ.

ಗೌರವದ ರೂಪಗಳು ತಲೆ ತಿನ್ನುತ್ತವೆಯಂತೆ?

ಬಹುವಚನ ಹಚ್ಚಿ ಮಾತಾಡುವುದು ನಮಗೆ ಹೊಸದಲ್ಲ. ಎದುರಿಗಿರುವವರನ್ನೇ ‘ಮೇಷ್ಟ್ರು ಕಾಫಿ ತಗೋತಾರಾ?’ ಅಂತ ಕೇಳುತ್ತೇವೆ. ಅಲ್ಲೂ ‘ನೀವು’ ಎನ್ನುವ ‘ಅನತ’ವನ್ನು ಆದಷ್ಟು ತಪ್ಪಿಸಿ ಹೆಸರಿಗೆ ‘ಸನ್’ ಹಚ್ಚುತ್ತಾರೆ, ಮೇಷ್ಟ್ರಿಗೆ ‘ಸೆನ್ಸೇ’ ಅನ್ನುತ್ತಾರೆ. ನಮಗೆ ಎಡವಟ್ಟಾಗುವುದು ಒಂದೇ ಜಾಗದಲ್ಲಿ. ‘ನಮ್ಮ ತಂದೆಯವರು ಹೇಳಿದ್ದಾರೆ’ ಅಂತ ಹೊರಗಿನವರ ಎದುರು ಹೇಳುವುದು ನಮ್ಮ ಸಂಸ್ಕಾರ. ಜಪಾನಿಯಲ್ಲಿ ಹೊರಗಿನವರ ಎದುರು ನಮ್ಮ ಮನೆಯವರನ್ನು ಎತ್ತರಿಸಬಾರದು. ಅವರ ತಂದೆ ‘ಒತೋಸನ್’, ನಮ್ಮ ತಂದೆ ಬರೀ ‘ಚಿಚಿ’. ಇದು ನಾಲಿಗೆಗೆ ಬರಲು ನನಗೆ ಎರಡು ವರ್ಷ ಬೇಕಾಯಿತು. ಅಪ್ಪನಿಗೆ ಅಗೌರವ ಮಾಡಿದ ಹಾಗೆ ಅನ್ನಿಸುತ್ತಿತ್ತು.

ಕ್ಲಾಸಿಗೆ ಸೇರಲೇಬೇಕಾ?

ಬೆಂಗಳೂರಿನಲ್ಲಿದ್ದರೆ ಒಳ್ಳೆಯ ಶಿಕ್ಷಕರು ಸಿಗುತ್ತಾರೆ, ಸೇರಿ. ನನ್ನಂತೆ ದೂರದ ಊರಲ್ಲಿದ್ದರೆ ಸೇರದೆಯೂ ನಡೆಯುತ್ತದೆ. ನಾನೊಂದು ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿದ್ದೆ. ಆರು ತಿಂಗಳು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಸರಿಯುತ್ತರ ಗುರುತು ಮಾಡಿಸಿದರು, ಒಂದು ವಾಕ್ಯ ಬಾಯಿಂದ ಆಡಿಸಲಿಲ್ಲ. ಸೇರುವ ಮುನ್ನ ಒಂದು ಪಾಠ ಕೂತು ನೋಡುತ್ತೇನೆ ಅಂತ ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಉಚಿತವಾಗಿ ಸಿಗುವವು ಬೇಕಷ್ಟಿವೆ. ಜಪಾನ್ ಫೌಂಡೇಶನ್‌ನ ‘ಇರೊದೊರಿ’ ಪಠ್ಯ ಧ್ವನಿಯ ಸಮೇತ ಇಳಿಸಿಕೊಳ್ಳಬಹುದು. ‘ಮಿನತೊ’ ಎಂಬ ಅವರ ಕಲಿಕಾ ತಾಣವೂ ಇದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ವರ್ಲ್ಡ್‌ನ ಸುಲಭ ಜಪಾನಿ ಪಾಠಗಳಿವೆ. ಓದು ಶುರು ಮಾಡುವವರಿಗೆ ‘ತದೊಕು’ ಎಂಬ ಸಂಸ್ಥೆ ಹಂತ ಹಂತದ ಚಿತ್ರಪುಸ್ತಕಗಳನ್ನು ಕೊಡುತ್ತದೆ. ಪದ ನೆನಪಿಡಲು, ಮುಂದೆ ಪದ, ಹಿಂದೆ ಅರ್ಥ ಇರುವ ಚೀಟಿಗಳನ್ನು ಮತ್ತೆ ಮತ್ತೆ ತೋರಿಸುವ ‘ಆಂಕಿ’ ಆ್ಯಪ್. ಆ ಹೆಸರೇ ಜಪಾನಿಯಲ್ಲಿ ಬಾಯಿಪಾಠ ಅಂತ. ಚೀಟಿಯ ಹಿಂದೆ ಅರ್ಥವನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಬೇರೆಯವರು ಮಾಡಿದ ಸಿದ್ಧ ಕಟ್ಟು ನನಗೆ ಎಂದೂ ಹತ್ತಲಿಲ್ಲ.

ಪರೀಕ್ಷೆ ಬರೆಯಬೇಕಾ?

ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆ 1984ರಿಂದ ನಡೆಯುತ್ತಿದೆ. 2010ರಿಂದ ಐದು ಹಂತ: ಎನ್5 ಸುಲಭ, ಎನ್1 ಕಠಿಣ. ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲಿ ಕೇಂದ್ರವಿದೆ. ಎನ್5ಕ್ಕೆ 180 ಅಂಕ, ಪಾಸಾಗಲು 80. ಜೊತೆಗೆ ಭಾಷೆ ಮತ್ತು ಓದಿನ 120ರಲ್ಲಿ 38, ಕೇಳುವಿಕೆಯ 60ರಲ್ಲಿ 19 ಬರಲೇಬೇಕು. ಎಲ್ಲವೂ ಗುರುತು ಹಾಕುವ ಪ್ರಶ್ನೆಗಳು, ಮಾತಾಡಿಸುವುದಿಲ್ಲ, ಬರೆಸುವುದಿಲ್ಲ.

ಹವ್ಯಾಸಕ್ಕೆ ಕಡ್ಡಾಯವಲ್ಲ. ನಾನು ಎರಡು ಹಂತ ಬರೆದೆ. ದಿನಾಂಕ ಗೊತ್ತಾದರೆ ಓದು ಚುರುಕಾಗುತ್ತದೆ, ಅಷ್ಟಕ್ಕೆ. ನಡುವೆ ಸಂತೋಷ ಬತ್ತುತ್ತಿದೆ ಅನ್ನಿಸಿ ನಿಲ್ಲಿಸಿದೆ.

ಅನಿಮೆ (ಜಪಾನಿನ ಕಾರ್ಟೂನ್ ಚಿತ್ರ) ನೋಡಿದರೆ ಸಾಕಾ?

ಕಿವಿ ಪಳಗುತ್ತದೆ. ಆದರೆ ಅಲ್ಲಿನ ಪಾತ್ರಗಳು ಆಡುವ ಒರಟು ಮಾತನ್ನು ಹಿರಿಯರ ಹತ್ತಿರ ಆಡಿದರೆ ಕಷ್ಟ. ಪಾಠದ ಜೊತೆ ನೋಡಿ, ಪಾಠದ ಬದಲಿಗೆ ಅಲ್ಲ.

ವಯಸ್ಸಾದ ಮೇಲೆ ತಲೆಗೆ ಹತ್ತುತ್ತಾ?

ನಾನು ಶುರು ಮಾಡಿದ್ದು 41ಕ್ಕೆ. ಹತ್ತುತ್ತದೆ.

ಮಾತಾಡಲು ಯಾರೂ ಇಲ್ಲವಲ್ಲ?

ಇದು ನಿಜವಾದ ಕೊರತೆ. ಬೆಂಗಳೂರಿನಲ್ಲಿ ನಡೆಯುವ ಜಪಾನ್ ಹಬ್ಬಕ್ಕೆ ಹೋಗಿ, ಅಲ್ಲಿ ಜಪಾನಿ ಮಾತಾಡುವವರೂ ಕಲಿಯುವವರೂ ಒಟ್ಟಿಗೆ ಸಿಗುತ್ತಾರೆ. ಹಲೋಟಾಕ್, ಟ್ಯಾಂಡಮ್ ತರಹದ ಆ್ಯಪ್‌ಗಳಲ್ಲಿ ಭಾಷೆ ವಿನಿಮಯ ಮಾಡಿಕೊಳ್ಳಬಹುದು.

ನಾನು ದಿನಾ ಮಾಡುವುದು ಇನ್ನೊಂದು: ಧ್ವನಿಪಾಠ ಹಾಕಿ, ಅವರ ದನಿಯ ಹಿಂದೆಯೇ, ಅರ್ಧ ಕ್ಷಣ ತಡೆದು, ನಾನೂ ಜೋರಾಗಿ ಹೇಳುತ್ತ ಹೋಗುವುದು. ಆಮೇಲೆ ಕಿಟಕಿಯಾಚೆ ಕಂಡದ್ದನ್ನು ನನಗೆ ನಾನೇ ಹೇಳಿಕೊಳ್ಳುವುದು. ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿಮಾಡಿಸಿದ ಕಾಲ. ನಮ್ಮ ಗಡಗಡ, ಪಳಪಳದಂಥ ಅನುಕರಣ ಪದಗಳು ಅವರಲ್ಲಿ ರಾಶಿ ಇವೆ. ಹನಿ ಬೀಳಲು ಶುರುವಾದರೆ ‘ಪೊತ್ಸುಪೊತ್ಸು’, ಜಿಟಿಜಿಟಿ ಹಿಡಿದರೆ ‘ಶಿತೊಶಿತೊ’, ಧೋ ಅಂತ ಸುರಿದರೆ ‘ಜಾಜಾ’. ಎದೆ ಡವಡವ ಅಂದರೆ ‘ದೊಕಿದೊಕಿ’, ಪಾತ್ರೆ ಫಳಫಳ ಅಂದರೆ ‘ಪಿಕಪಿಕ’. ಜುಲೈ ತಿಂಗಳ ಒಂದು ಮಧ್ಯಾಹ್ನ ಈ ಮೂರೂ ಮಳೆಯನ್ನು ಒಂದೇ ಗಂಟೆಯಲ್ಲಿ ಕಂಡು, ಮೂರೂ ಪದ ತಾವಾಗಿಯೇ ಬಾಯಿಗೆ ಬಂದವು.

ಆರು ತಿಂಗಳು ಬಿಟ್ಟುಹೋಯಿತು. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಮಾಡಬೇಡಿ. ನನಗೆ ಎರಡು ಸಲ ಹೀಗಾಗಿದೆ, ಒಮ್ಮೆ ಅಮ್ಮನ ಕಾಯಿಲೆಗೆ, ಒಮ್ಮೆ ಚುನಾವಣೆ ಕೆಲಸ ಮತ್ತು ಹತ್ತನೇ ತರಗತಿ ಫಲಿತಾಂಶದ ಗಡಿಬಿಡಿಗೆ. ಮೊದಲ ಸಲ ಹಿರಗನದಿಂದ ಮತ್ತೆ ಶುರು ಮಾಡಿ ವಾರದಲ್ಲಿ ಬೇಸರಪಟ್ಟೆ. ಎರಡನೆಯ ಸಲ ಆಂಕಿಯಲ್ಲಿ ಗುಡ್ಡೆಯಾಗಿದ್ದ ಬಾಕಿಯನ್ನು ಮುಟ್ಟದೆ, ಬಿಡುವ ಮುಂಚೆ ಓದುತ್ತಿದ್ದ ಚಿತ್ರಪುಸ್ತಕವನ್ನೇ ತೆಗೆದು, ಗೊತ್ತಿರುವ ಪುಟದಿಂದ ಗಟ್ಟಿಯಾಗಿ ಓದಿದೆ. ನಾಲ್ಕನೆಯ ದಿನಕ್ಕೆ ಮರೆತಿದ್ದರಲ್ಲಿ ಬಹುಪಾಲು ವಾಪಸು ಬಂದಿತ್ತು. ಬಾಕಿ ಚೀಟಿಗಳನ್ನು ಆಮೇಲೆ ದಿನಕ್ಕೆ ಇಪ್ಪತ್ತರಂತೆ ಮುಗಿಸಿದೆ.